ಪಿಕಪ್ ಟ್ರಕ್ ರೇಸಿಂಗ್‌ನ ಒಂದು ಸೀಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾರ್ ರೇಸಿಂಗ್ ಸಂಸ್ಥೆ ನಾಸ್ಕರ್ ನಡೆಸುವ ಕ್ರಾಫ್ಟ್ಸ್‌ಮನ್ ಟ್ರಕ್ ಸರಣಿಯ ಕುರಿತು ಮಾತಿನಲ್ಲಿ, ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ 2025ರ ಸೀಸನ್‌ನಿಂದ ಆರಿಸಿಕೊಂಡಿದ್ದೇನೆ. ವರ್ಷವಿಡೀ ಎದುರಾಳಿಯೇ ಇಲ್ಲವೆಂಬಂತೆ ಗೆದ್ದ ಚಾಲಕನೊಬ್ಬ ಕೊನೆಯ ಓಟದ ಕೊನೆಯ ಸುತ್ತಿನವರೆಗೂ ಪ್ರಶಸ್ತಿಯ ಖಾತ್ರಿಯಿಲ್ಲದೆ ಓಡಿಸಬೇಕಾಗಿ ಬಂದ ಆ ವರ್ಷದಲ್ಲಿ ಈ ಸರಣಿಯ ಸೊಗಸೂ ದೋಷವೂ ಒಟ್ಟಿಗೇ ಕಾಣಿಸಿಕೊಂಡವು.

## ಮೊದಲ ಪರಿಚಯ

ಟ್ರಕ್ ರೇಸ್ ಅಂದ್ರೆ ಲಾರಿಗಳ ರೇಸಾ?

ಅಲ್ಲ. ಸರಕು ಎಳೆಯುವ ದೊಡ್ಡ ಲಾರಿಗಳ ಓಟ ಬೇರೆಯೇ ಇದೆ. ಯುರೋಪಿನಲ್ಲಿ ಅದು ಹಳೆಯ ಕ್ರೀಡೆ. ನಮ್ಮಲ್ಲೂ 2014ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ಟಾಟಾ ಸಂಸ್ಥೆಯು ತನ್ನ ಪ್ರೈಮಾ ಲಾರಿಗಳ ಓಟವನ್ನು ಆರಂಭಿಸಿತ್ತು. ಇಲ್ಲಿ ಹೇಳುತ್ತಿರುವುದು ಪಿಕಪ್‌ಗಳ ಬಗ್ಗೆ, ಅಂದರೆ ಮುಂದೆ ಕ್ಯಾಬಿನ್, ಹಿಂದೆ ಸಾಮಾನು ಹಾಕುವ ತೊಟ್ಟಿ ಇರುವ ಗಾಡಿಗಳ ಬಗ್ಗೆ. ಅಮೆರಿಕದಲ್ಲಿ ರೈತ, ಬಡಗಿ, ಗುತ್ತಿಗೆದಾರ ಮಾತ್ರವಲ್ಲದೆ ಕಚೇರಿಗೆ ಹೋಗುವವರೂ ಪಿಕಪ್ ಓಡಿಸುತ್ತಾರೆ, ಮತ್ತು ಫೋರ್ಡ್‌ನ ಎಫ್ ಸಾಲಿನ ಪಿಕಪ್‌ಗಳು ದಶಕಗಳಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಾಹನಗಳ ಪಟ್ಟಿಯ ತುದಿಯಲ್ಲಿವೆ. ಜನ ಮನೆಮುಂದೆ ನಿಲ್ಲಿಸಿಕೊಳ್ಳುವ ಗಾಡಿಯನ್ನೇ ಟ್ರ್ಯಾಕ್ ಮೇಲೆ ತಂದರೆ ಕಂಪನಿಗಳಿಗೂ ಲಾಭ, ನೋಡುವವರಿಗೂ ಅಭಿಮಾನ ಎಂಬುದು ಈ ಸರಣಿಯ ಹಿಂದಿನ ಸರಳ ಲೆಕ್ಕಾಚಾರ.

ಶೋರೂಮಲ್ಲಿ ಸಿಗೋ ಪಿಕಪ್ಪನ್ನೇ ತಂದು ಓಡಿಸ್ತಾರಾ?

ಹೆಸರು ಮತ್ತು ಮುಖಚಹರೆ ಮಾತ್ರ ಶೋರೂಮಿನವು. 2025ರಲ್ಲಿ ಶೆವರ್ಲೆ ಸಿಲ್ವರಾಡೊ, ಫೋರ್ಡ್ ಎಫ್-150 ಮತ್ತು ಟೊಯೊಟಾ ಟಂಡ್ರಾ ಎಂಬ ಮೂರು ಮಾದರಿಗಳು ಓಡಿದವು. ಒಳಗಿರುವುದು ಉಕ್ಕಿನ ಕೊಳವೆಗಳನ್ನು ಬೆಸೆದು ಕಟ್ಟಿದ ಚೌಕಟ್ಟು, ಮುಂದೆ ವಿ8 ಎಂಜಿನ್, ನಾಲ್ಕು ಗೇರ್, ಮತ್ತು ಹಿಂದಿನ ಚಕ್ರಗಳಿಗೆ ಹೋಗುವ ಶಕ್ತಿ. ಹಿಂದಿನ ತೊಟ್ಟಿಯನ್ನು ಹಲಗೆಯಂತಹ ಮುಚ್ಚಳದಿಂದ ಮುಚ್ಚಿರುತ್ತಾರೆ. ಬಹುತೇಕ ತಂಡಗಳು ಇಲ್ಮೋರ್ ಸಂಸ್ಥೆ ಕಟ್ಟಿಕೊಡುವ ಒಂದೇ ಬಗೆಯ ಎಂಜಿನ್ ಬಳಸುತ್ತವೆ. ಹೀಗಾಗಿ ಯಾವ ಕಂಪನಿಯ ಗಾಡಿ ಗೆದ್ದಿತು ಎಂಬುದರಿಂದ ಆ ಕಂಪನಿಯ ರಸ್ತೆ ವಾಹನದ ಗುಣಮಟ್ಟದ ಬಗ್ಗೆ ಏನನ್ನೂ ತಿಳಿಯಲು ಸಾಧ್ಯವಿಲ್ಲ. ಕೊಳ್ಳುವ ಮುನ್ನ ಕೇಳುವವರಿಗೆ ನನ್ನ ಉತ್ತರ ಯಾವಾಗಲೂ ಇಷ್ಟೇ.

ಇದು ಯಾವಾಗ ಶುರುವಾಯ್ತು? ಹಳೇ ಆಟಾನಾ?

ನಾಸ್ಕರ್‌ನ ಲೆಕ್ಕದಲ್ಲಿ ಇದು ಕಿರಿಯ ಕೂಸು. ಮರುಭೂಮಿಯ ಮಣ್ಣಿನಲ್ಲಿ ಪಿಕಪ್ ಓಡಿಸುತ್ತಿದ್ದ ಪಶ್ಚಿಮ ತೀರದ ಕೆಲವು ರೇಸಿಂಗ್ ಉತ್ಸಾಹಿಗಳು 1993ರ ಸುಮಾರಿಗೆ ಈ ಯೋಚನೆಯನ್ನು ನಾಸ್ಕರ್ ಮುಂದಿಟ್ಟರು. 1994ರಲ್ಲಿ ಮಾದರಿ ಗಾಡಿಯನ್ನು ಡೇಟೋನಾದಲ್ಲಿ ಪ್ರದರ್ಶಿಸಲಾಯಿತು. 1995ರ ಫೆಬ್ರುವರಿ 5ರಂದು ಅರಿಜೋನಾದ ಫೀನಿಕ್ಸ್‌ನಲ್ಲಿ ಮೊದಲ ಅಧಿಕೃತ ಓಟ ನಡೆಯಿತು, ಅದನ್ನು ಗೆದ್ದ ಮೈಕ್ ಸ್ಕಿನ್ನರ್ ಅದೇ ವರ್ಷದ ಚಾಂಪಿಯನ್ ಕೂಡ ಆದರು.

ಮೊದಲ ಸೀಸನ್‌ನಲ್ಲಿ 20 ಓಟಗಳಿದ್ದವು, ಅವುಗಳಲ್ಲಿ ಹೆಚ್ಚಿನವು ಊರೂರಿನ ಸಣ್ಣ ಟ್ರ್ಯಾಕ್‌ಗಳಲ್ಲಿ ನಡೆದವು. ಅಂತಹ ಟ್ರ್ಯಾಕ್‌ಗಳಲ್ಲಿ ಟೈರ್ ಬದಲಿಸಲು ಬೇಕಾದ ಪಿಟ್ ಜಾಗವೇ ಇರುತ್ತಿರಲಿಲ್ಲ. ಇದ್ದಲ್ಲೂ ಪ್ರತಿ ತಂಡವು ನುರಿತ ಪಿಟ್ ಸಿಬ್ಬಂದಿಯನ್ನು ಸಾಕುವುದು ದುಬಾರಿಯಾಗಿತ್ತು. ಅದಕ್ಕೆ ಸಂಘಟಕರು ಕಂಡುಕೊಂಡ ಉಪಾಯ ಸೊಗಸಾಗಿತ್ತು: ಫುಟ್‌ಬಾಲ್ ಪಂದ್ಯದಂತೆ ಓಟದ ನಡುವೆ ಮಧ್ಯಂತರ ವಿರಾಮ. ಗಾಡಿಗಳು ನಿಲ್ಲುತ್ತಿದ್ದವು, ಮೆಕ್ಯಾನಿಕ್‌ಗಳು ನಿಧಾನವಾಗಿ ಕೆಲಸ ಮುಗಿಸುತ್ತಿದ್ದರು, ಟಿವಿಯವರು ಚಾಲಕರ ಮುಖಕ್ಕೆ ಮೈಕ್ ಹಿಡಿದು ಮೊದಲರ್ಧದ ಜಗಳಗಳ ಬಗ್ಗೆ ಕೇಳುತ್ತಿದ್ದರು. ಸರಣಿ ಬೆಳೆದು ದೊಡ್ಡ ಟ್ರ್ಯಾಕ್‌ಗಳಿಗೆ ಹೋದಂತೆ ಈ ವಿರಾಮ ಮರೆಯಾಯಿತು. 2000ನೇ ಇಸವಿಯಲ್ಲಿ ಟ್ರಕ್‌ಗಳು ಮೊದಲ ಬಾರಿಗೆ ಡೇಟೋನಾದಲ್ಲಿ ಓಡಿದವು. 2004ರಲ್ಲಿ ಟೊಯೊಟಾ ಸೇರಿತು. 2013ರಲ್ಲಿ ಒಹಾಯೊದ ಎಲ್ಡೋರಾ ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿದಾಗ, 1970ರ ಬಳಿಕ ನಾಸ್ಕರ್‌ನ ರಾಷ್ಟ್ರೀಯ ಮಟ್ಟದ ಸರಣಿಯೊಂದು ಮೊದಲ ಬಾರಿಗೆ ಮಣ್ಣಿಗೆ ಮರಳಿತ್ತು.

ನಾಸ್ಕರ್‌ನಲ್ಲಿ ಇದರ ಸ್ಥಾನ ಏನು?

ಮೂರು ಮೆಟ್ಟಿಲುಗಳಲ್ಲಿ ಮೂರನೆಯದು. ಮೇಲೆ ಕಪ್ ಸರಣಿ, ಅದರ ಕೆಳಗೆ 2025ರವರೆಗೆ ಎಕ್ಸ್‌ಫಿನಿಟಿ ಹೆಸರಿನಲ್ಲಿದ್ದ ಸರಣಿ, ಅದರ ಕೆಳಗೆ ಟ್ರಕ್‌ಗಳು. ಆದರೂ ಇದನ್ನು ಕೇವಲ ತರಬೇತಿ ಶಾಲೆ ಎಂದು ನೋಡುವುದು ತಪ್ಪು. ರಾನ್ ಹಾರ್ನಡೇ 1996, 1998, 2007 ಮತ್ತು 2009ರಲ್ಲಿ, ಮ್ಯಾಟ್ ಕ್ರಾಫ್ಟನ್ 2013, 2014 ಮತ್ತು 2019ರಲ್ಲಿ ಪ್ರಶಸ್ತಿ ಗೆದ್ದರು. ಇಬ್ಬರೂ ತಮ್ಮ ವೃತ್ತಿಜೀವನದ ದೊಡ್ಡ ಭಾಗವನ್ನು ಟ್ರಕ್‌ನಲ್ಲೇ ಕಳೆದವರು.

## ಸೀಸನ್ ಮತ್ತು ಓಟದ ದಿನ

ಒಂದು ಸೀಸನ್‌ನಲ್ಲಿ ಎಷ್ಟು ರೇಸ್? ಎಲ್ಲೆಲ್ಲಿ?

2025ರಲ್ಲಿ 25 ಓಟಗಳಿದ್ದವು. ಫೆಬ್ರುವರಿ 14ರಂದು ಫ್ಲಾರಿಡಾದ ಡೇಟೋನಾದಲ್ಲಿ ಆರಂಭವಾಗಿ ಅಕ್ಟೋಬರ್ 31ರಂದು ಫೀನಿಕ್ಸ್‌ನಲ್ಲಿ ಮುಗಿಯಿತು. ಡೇಟೋನಾದ ಒಂದು ಸುತ್ತು ಸುಮಾರು 4 ಕಿಲೋಮೀಟರ್. ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ಒಂದು ಕಿಲೋಮೀಟರ್ ಕೂಡ ಇಲ್ಲ. ಒಂದರಲ್ಲಿ ಗಾಡಿಗಳು ಗಂಟೆಗೆ 280 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿ ಗುಂಪುಗುಂಪಾಗಿ ಹಾರುತ್ತವೆ, ಇನ್ನೊಂದರಲ್ಲಿ ಬ್ರೇಕ್ ಕೆಂಪಗೆ ಕಾಯುವಷ್ಟು ತುಳಿದು, ಮುಂದಿನವನ ಬಂಪರಿಗೆ ತಾಗಿಸಿ ದಾರಿ ಮಾಡಿಕೊಳ್ಳಬೇಕು. ಎರಡರಲ್ಲೂ ಗೆಲ್ಲಬಲ್ಲ ಚಾಲಕರು ಕಡಿಮೆ.

ಆ ವರ್ಷದ ಪಟ್ಟಿಯಲ್ಲಿ ನನಗೆ ಎರಡು ಹೆಸರುಗಳು ವಿಶೇಷವೆನಿಸಿದವು. ಒಂದು, ಉತ್ತರ ಕ್ಯಾರೊಲಿನಾದ ರಾಕಿಂಗ್‌ಹ್ಯಾಮ್. 2013ರ ಬಳಿಕ ನಾಸ್ಕರ್‌ನ ರಾಷ್ಟ್ರೀಯ ಸರಣಿಗಳು ಬಿಟ್ಟುಬಿಟ್ಟಿದ್ದ ಆ ಟ್ರ್ಯಾಕ್ ಏಪ್ರಿಲ್‌ನಲ್ಲಿ ಮತ್ತೆ ಜೀವ ಪಡೆಯಿತು, ಮತ್ತು ಅಲ್ಲಿ ಟೈಲರ್ ಆಂಕ್ರಮ್ 2019ರ ನಂತರದ ತಮ್ಮ ಮೊದಲ ಗೆಲುವನ್ನು ಕಂಡರು. ಇನ್ನೊಂದು, ಕನೆಕ್ಟಿಕಟ್‌ನ ಲೈಮ್ ರಾಕ್ ಪಾರ್ಕ್. ಗುಡ್ಡಗಳ ನಡುವಿನ ಈ ರಸ್ತೆ ಮಾದರಿಯ ಟ್ರ್ಯಾಕ್‌ಗೆ ನಾಸ್ಕರ್‌ನ ರಾಷ್ಟ್ರೀಯ ಸರಣಿಯೊಂದು ಬಂದದ್ದು ಅದೇ ಮೊದಲು. ನೆರೆಹೊರೆಯವರ ದೂರಿನ ಮೇಲೆ ಹಲವು ದಶಕಗಳ ಹಿಂದೆಯೇ ನ್ಯಾಯಾಲಯ ಹೊರಡಿಸಿದ ಆದೇಶದಿಂದಾಗಿ ಅಲ್ಲಿ ಭಾನುವಾರ ರೇಸ್ ನಡೆಸುವಂತಿಲ್ಲ, ಟ್ರಕ್‌ಗಳು ಓಡಿದ್ದೂ ಜೂನ್ 28ರ ಶನಿವಾರವೇ.

ಸುಮ್ನೆ ಗುಂಡಗೆ ಸುತ್ತೋದ್ರಲ್ಲಿ ಏನು ನೋಡೋದಿದೆ?

ಗಾಳಿಯನ್ನು ನೋಡಬೇಕು. ಪಿಕಪ್‌ನ ಮೂಗು ಮೊಂಡು, ಕ್ಯಾಬಿನ್ ಎತ್ತರ, ಬೆನ್ನು ಚಪ್ಪಟೆ. ಅದು ಗಾಳಿಯನ್ನು ಸೀಳುವುದಕ್ಕಿಂತ ತಳ್ಳುತ್ತಾ ಹೋಗುತ್ತದೆ, ಹಾಗಾಗಿ ಅದರ ಹಿಂದೆ ದೊಡ್ಡದೊಂದು ಪೊಳ್ಳು ಉಂಟಾಗುತ್ತದೆ. ನೇರ ದಾರಿಯಲ್ಲಿ ಆ ಪೊಳ್ಳಿನೊಳಗೆ ಹೊಕ್ಕವನಿಗೆ ಎದುರುಗಾಳಿ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ತಿರುವಿನಲ್ಲಿ ಅದೇ ಪೊಳ್ಳು ಶತ್ರುವಾಗುತ್ತದೆ: ಮುಂದಿನ ಚಕ್ರಗಳನ್ನು ನೆಲಕ್ಕೊತ್ತುವ ಗಾಳಿ ಸಿಗದೆ ಗಾಡಿ ಹೊರಗಿನ ಗೋಡೆಯತ್ತ ಜಾರುತ್ತದೆ. ಹಿಂದಿನವನು ವೇಗವಾಗಿದ್ದೂ ದಾಟಲಾಗದೆ ಒದ್ದಾಡುವುದಕ್ಕೆ ಇದೇ ಕಾರಣ. ಪಕ್ಕದಲ್ಲಿ ಓಡುತ್ತಿರುವವನ ಹಿಂಬದಿಯ ಮೂಲೆಗೆ ಹತ್ತಿರ ಸರಿದು ಅವನ ಮೇಲಿನ ಗಾಳಿಯ ಒತ್ತಡವನ್ನು ಬದಲಿಸಿ ಅವನನ್ನು ನಿಧಾನಗೊಳಿಸುವ ತಂತ್ರವೂ ಇದೆ. ಇವು ತಿಳಿದ ಮೇಲೆ ಗುಂಡಗೆ ಸುತ್ತುವುದೂ ಬೇಸರ ತರುವುದಿಲ್ಲ.

ಇದರ ಜೊತೆಗೆ ಟ್ರಕ್ ಓಟಗಳು ಚಿಕ್ಕವು. ಬಹುತೇಕ ಎರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತವೆ. ಕಪ್ ಓಟದಲ್ಲಿ ಮೊದಲ ಒಂದೂವರೆ ಗಂಟೆ ಚಾಲಕರು ಲೆಕ್ಕ ಹಾಕುತ್ತಿರುತ್ತಾರೆ. ಇಲ್ಲಿ ಆ ಪುರುಸೊತ್ತಿಲ್ಲ, ಓಡಿಸುವವರಲ್ಲಿ ಅನೇಕರು ಇಪ್ಪತ್ತರ ಆಸುಪಾಸಿನವರಾದ್ದರಿಂದ ತಾಳ್ಮೆಯೂ ಇಲ್ಲ.

ನಡುನಡುವೆ ಓಟ ನಿಲ್ಲಿಸಿ ಅಂಕ ಕೊಡ್ತಾರಲ್ಲ, ಅದೇನು?

2017ರಿಂದ ಪ್ರತಿ ಓಟವನ್ನು ಮೂರು ಹಂತಗಳಾಗಿ ವಿಭಾಗಿಸಲಾಗಿದೆ. ಮೊದಲೆರಡು ಹಂತಗಳ ಕೊನೆಯಲ್ಲಿ ಮುಂದಿರುವ ಹತ್ತು ಜನರಿಗೆ 10ರಿಂದ 1ರವರೆಗೆ ಅಂಕ ಸಿಗುತ್ತದೆ. ಕೊನೆಯಲ್ಲಿ ಮಾತ್ರ ಚುರುಕಾಗುವ ಚಾಲಕರನ್ನು ಆರಂಭದಿಂದಲೇ ಹೊಡೆದಾಡುವಂತೆ ಮಾಡುವುದು ಉದ್ದೇಶ.

ಇಷ್ಟೇ ಸುತ್ತು ಅಂತ ಹೇಳಿ ಜಾಸ್ತಿ ಓಡಿಸ್ತಾರೆ. ಯಾಕೆ?

ಹಳದಿ ಬಾವುಟ ಬೀಸುತ್ತಿರುವಾಗ, ಅಂದರೆ ಅಪಘಾತದ ಕಾರಣ ಎಲ್ಲರೂ ನಿಧಾನವಾಗಿ ಸಾಲಾಗಿ ಹೋಗುತ್ತಿರುವಾಗ, ಓಟ ಮುಗಿಯುವುದು ನೋಡುವವರಿಗೆ ಸಪ್ಪೆ. ಹಾಗಾಗಿ ನಿಗದಿತ ಸುತ್ತುಗಳು ಮುಗಿಯುವ ಹೊತ್ತಿಗೆ ಹಳದಿ ಬಾವುಟವಿದ್ದರೆ, ಟ್ರ್ಯಾಕ್ ಸ್ವಚ್ಛಗೊಳಿಸಿ, ಎಲ್ಲರನ್ನೂ ಮತ್ತೆ ಎರಡು ಸಾಲಿನಲ್ಲಿ ನಿಲ್ಲಿಸಿ, ಹೆಚ್ಚುವರಿ ಎರಡು ಸುತ್ತುಗಳ ಓಟ ನಡೆಸುತ್ತಾರೆ. ಅದರ ಮೊದಲ ಸುತ್ತಿನಲ್ಲೇ ಮತ್ತೊಂದು ಅಪಘಾತವಾದರೆ ಇನ್ನೊಮ್ಮೆ. ನಿಯಮ ಒಳ್ಳೆಯದೇ; ಆದರೆ ಎರಡು ಸುತ್ತು ಮಾತ್ರ ಉಳಿದಾಗ ಎಲ್ಲರಿಗೂ ಧೈರ್ಯ ಬರುತ್ತದೆ, ಪರಿಣಾಮವಾಗಿ ಗಾಡಿಗಳು ಪುಡಿಯಾಗುತ್ತವೆ. 2023ರ ಕೊನೆಯ ಓಟ ಇಂತಹ ಹೆಚ್ಚುವರಿ ಸುತ್ತುಗಳು ಮರುಕಳಿಸಿ ಮರುಕಳಿಸಿ, ರೇಸಿಂಗ್‌ಗಿಂತ ಗುದ್ದಾಟದಂತೆ ಕೊನೆಗೊಂಡಿತು.

ಭಾರತದಲ್ಲಿ ಯಾವ ಹೊತ್ತಿಗೆ ನೋಡಬೇಕು?

ಹೆಚ್ಚಿನ ಓಟಗಳು ಅಮೆರಿಕದ ಪೂರ್ವ ತೀರದ ಶುಕ್ರವಾರ ರಾತ್ರಿ ನಡೆಯುತ್ತವೆ. ಅಲ್ಲಿ ಸಂಜೆ 7:30 ಎಂದರೆ ನಮ್ಮಲ್ಲಿ ಶನಿವಾರ ಬೆಳಗಿನ 5 ಗಂಟೆ. ಚಳಿಗಾಲದ ಗಡಿಯಾರ ಇರುವಾಗ 6 ಗಂಟೆ.

## ಅಂಕ, ಪ್ಲೇ ಆಫ್ ಮತ್ತು ಚಾಂಪಿಯನ್

ಐಪಿಎಲ್ ಪ್ಲೇ ಆಫ್ ತರಾನೇನಾ ಇದು?

2025ರ ಮಟ್ಟಿಗೆ ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ. ಮೊದಲ 18 ಓಟಗಳು ಲೀಗ್ ಹಂತವಿದ್ದಂತೆ. ಅವುಗಳ ಕೊನೆಗೆ, ಗೆಲುವುಗಳು ಮತ್ತು ಅಂಕಗಳ ಆಧಾರದಲ್ಲಿ ಹತ್ತು ಜನ ಪ್ಲೇ ಆಫ್ ಸೇರಿದರು. ಡಾರ್ಲಿಂಗ್ಟನ್, ಬ್ರಿಸ್ಟಲ್ ಮತ್ತು ನ್ಯೂ ಹ್ಯಾಂಪ್‌ಶೈರ್ ಓಟಗಳ ನಂತರ ಇಬ್ಬರು ಹೊರಬಿದ್ದರು. ಶಾರ್ಲಟ್‌ನ ರಸ್ತೆ ಟ್ರ್ಯಾಕ್, ಟಲಡೇಗಾ ಮತ್ತು ಮಾರ್ಟಿನ್ಸ್‌ವಿಲ್ ಓಟಗಳ ನಂತರ ಇನ್ನೂ ನಾಲ್ವರು ಹೋದರು. ಉಳಿದ ನಾಲ್ವರಲ್ಲಿ ಫೀನಿಕ್ಸ್‌ನಲ್ಲಿ ಯಾರು ಉಳಿದ ಮೂವರಿಗಿಂತ ಮುಂದೆ ಗುರಿ ಮುಟ್ಟುತ್ತಾರೋ ಅವರೇ ಚಾಂಪಿಯನ್. ಅಲ್ಲಿಯವರೆಗಿನ ಅಂಕ, ಗೆಲುವು ಯಾವುದೂ ಲೆಕ್ಕಕ್ಕಿಲ್ಲ.

ಹೋಲಿಕೆ ಮುರಿಯುವುದು ಇಲ್ಲಿ: ಐಪಿಎಲ್ ಫೈನಲ್‌ನಲ್ಲಿ ಎರಡು ತಂಡಗಳು ಮಾತ್ರ ಮೈದಾನಕ್ಕಿಳಿಯುತ್ತವೆ. ಇಲ್ಲಿ ಪ್ರಶಸ್ತಿಗೆ ಸೆಣಸುವ ನಾಲ್ವರ ಜೊತೆ, ಪ್ರಶಸ್ತಿಗೆ ಸಂಬಂಧವೇ ಇಲ್ಲದ ಹತ್ತಾರು ಗಾಡಿಗಳು ಅದೇ ಟ್ರ್ಯಾಕ್‌ನಲ್ಲಿ ಓಡುತ್ತಿರುತ್ತವೆ. ಅವರಲ್ಲಿ ಒಬ್ಬನ ಟೈರ್ ಒಡೆದು ಹಳದಿ ಬಾವುಟ ಬಂದರೆ, ವರ್ಷದ ಫಲಿತಾಂಶವೇ ತಲೆಕೆಳಗಾಗಬಹುದು.

ಒಂದೂ ರೇಸ್ ಗೆಲ್ಲದೆ ಚಾಂಪಿಯನ್ ಆಗಬಹುದಾ?

ಆಗಬಹುದು, ಆಗಿದ್ದಾರೆ. 2019ರಲ್ಲಿ ಮ್ಯಾಟ್ ಕ್ರಾಫ್ಟನ್ ಒಂದೂ ಗೆಲುವಿಲ್ಲದೆ ಪ್ರಶಸ್ತಿ ಎತ್ತಿದರು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ನಿಯಮ ಹೇಳಿದ್ದನ್ನು ಅವರು ಮಾಡಿದರು.

2025ರಲ್ಲಿ ಕೋರಿ ಹೈಮ್ 12 ರೇಸ್ ಗೆದ್ದರಂತೆ. ಅಷ್ಟು ಗೆದ್ದ ಮೇಲೆ ಕೊನೇವರೆಗೆ ಸಸ್ಪೆನ್ಸ್ ಯಾಕೆ?

ಈ ಪ್ರಶ್ನೆಗೆ ಉತ್ತರ ಕೊಡಲು ಸ್ವಲ್ಪ ಹಿಂದೆ ಹೋಗಬೇಕು. ಜಾರ್ಜಿಯಾದ ಕೋರಿ ಹೈಮ್, ಟ್ರೈಕಾನ್ ಗರಾಜ್ ತಂಡದ 11ನೇ ಸಂಖ್ಯೆಯ ಟೊಯೊಟಾ ಚಾಲಕ. 2023ರಲ್ಲಿ ಅವರು ಲೀಗ್ ಹಂತದ ಅಗ್ರಸ್ಥಾನಿಯಾಗಿ ಫೀನಿಕ್ಸ್‌ಗೆ ಬಂದರು. ಪ್ರಶಸ್ತಿಯ ಎದುರಾಳಿ ಕಾರ್ಸನ್ ಹೊಸೆವಾರ್ ಅವರ ಗಾಡಿ ತಾಗಿ ಹೈಮ್ ಗಿರಕಿ ಹೊಡೆದರು, ನಂತರ ಹೈಮ್ ಅವರೇ ಹೊಸೆವಾರ್ ಅವರನ್ನು ಗೋಡೆಗೆ ಅಪ್ಪಳಿಸುವಂತೆ ಮಾಡಿದರು, ಇಬ್ಬರ ಜಗಳದಲ್ಲಿ ಬೆನ್ ರೋಡ್ಸ್ ಎರಡನೇ ಬಾರಿಗೆ ಚಾಂಪಿಯನ್ ಆದರು. 2024ರಲ್ಲಿ ಹೈಮ್ ಆರು ಓಟಗಳನ್ನು ಗೆದ್ದು ಮತ್ತೆ ಫೀನಿಕ್ಸ್ ತಲುಪಿದರು. ಅಂದು ಟೈ ಮಜೆಸ್ಕಿ ಯಾರಿಗೂ ಸಿಗದ ವೇಗದಲ್ಲಿದ್ದರು, ಪ್ರಶಸ್ತಿ ಅವರದಾಯಿತು.

2025ರಲ್ಲಿ ಹೈಮ್ ಡೇಟೋನಾದಿಂದ ಹಿಡಿದು ಲಾಸ್ ವೇಗಸ್, ಟೆಕ್ಸಸ್, ಶಾರ್ಲಟ್, ಲೈಮ್ ರಾಕ್, ವಾಟ್ಕಿನ್ಸ್ ಗ್ಲೆನ್, ರಿಚ್ಮಂಡ್ ಎನ್ನುತ್ತಾ ಗೆಲ್ಲುತ್ತಲೇ ಹೋದರು. 1999ರಲ್ಲಿ ಗ್ರೆಗ್ ಬಿಫಲ್ ಒಂದೇ ಸೀಸನ್‌ನಲ್ಲಿ ಸಾಧಿಸಿದ್ದ ಒಂಬತ್ತು ಗೆಲುವುಗಳ ದಾಖಲೆ ಮುರಿಯಿತು. ಮಾರ್ಟಿನ್ಸ್‌ವಿಲ್ ಗೆದ್ದು ಫೀನಿಕ್ಸ್‌ಗೆ ಬಂದಾಗ ಅವರ ಲೆಕ್ಕದಲ್ಲಿ 11 ಗೆಲುವುಗಳಿದ್ದವು. ಅವರೆದುರು ನಿಂತ ಮೂವರಲ್ಲಿ ಟೈಲರ್ ಆಂಕ್ರಮ್ ಅವರಿಗೆ ಒಂದು; ಟೈ ಮಜೆಸ್ಕಿ ಮತ್ತು ಕೇಡನ್ ಹನಿಕಟ್ ಅವರಿಗೆ ಸೊನ್ನೆ. ಆದರೂ ನಾಲ್ವರೂ ಒಂದೇ ಗೆರೆಯಿಂದ ಹೊರಟರು.

ಫೀನಿಕ್ಸ್‌ನಲ್ಲೂ ಹೈಮ್ ಮೇಲುಗೈ ಸಾಧಿಸಿದ್ದರು. ಓಟ ಮುಗಿಯಲು ಕೆಲವೇ ಸುತ್ತುಗಳಿದ್ದಾಗ, ಪ್ರಶಸ್ತಿಗೆ ಸಂಬಂಧವಿಲ್ಲದ ಗಾಡಿಯೊಂದರ ಟೈರ್ ಕೈಕೊಟ್ಟು ಹಳದಿ ಬಾವುಟ ಬಂತು. ಹೈಮ್ ಅವರ ತಂಡ ನಾಲ್ಕೂ ಟೈರ್ ಬದಲಿಸಲು ನಿರ್ಧರಿಸಿತು. ಬೇರೆಯವರು ಸಮಯ ಉಳಿಸಿಕೊಂಡು ಮುಂದೆ ನಿಂತರು. ಮುನ್ನಡೆಯಲ್ಲಿದ್ದ ಹೈಮ್ ಹತ್ತನೇ ಸ್ಥಾನಕ್ಕೆ ಇಳಿದು, ಹೆಚ್ಚುವರಿ ಸುತ್ತುಗಳಲ್ಲಿ ಎಲ್ಲರನ್ನೂ ದಾಟಬೇಕಾಗಿ ಬಂತು. ಫೀನಿಕ್ಸ್‌ನ ಒಂದು ಬದಿಯಲ್ಲಿ ಟ್ರ್ಯಾಕ್ ಸ್ವಲ್ಪ ಬಾಗುತ್ತದೆ, ಅದರ ಒಳಬದಿಯ ಅಗಲ ಜಾಗದಲ್ಲಿ ಅಡ್ಡದಾರಿ ಹಿಡಿಯಬಹುದು. ಹಸಿರು ಬಾವುಟ ಬಿದ್ದೊಡನೆ ಹೈಮ್ ಆ ಒಳಬದಿಯ ತೀರಾ ಕೆಳಗಿನ ಅಂಚಿಗೆ ಗಾಡಿಯನ್ನು ನುಗ್ಗಿಸಿ ಒಮ್ಮೆಗೇ ಸಾಲುಸಾಲು ಎದುರಾಳಿಗಳನ್ನು ದಾಟಿದರು. ಕೊನೆಗೆ ಓಟವನ್ನೂ ಪ್ರಶಸ್ತಿಯನ್ನೂ ಗೆದ್ದರು.

ನೋಡಲು ಅದು ಅಪರೂಪದ ದೃಶ್ಯ. ಆದರೆ ನನ್ನ ಅಭಿಪ್ರಾಯ ಬದಲಾಗಿಲ್ಲ: ಅಂದು ಆ ಅಂಚಿನಲ್ಲಿ ಚಕ್ರ ಜಾರಿದ್ದರೆ, 11 ಗೆಲುವುಗಳ ಚಾಲಕ ಕೈಚೆಲ್ಲಿ ನಿಂತು, ವರ್ಷವಿಡೀ ಒಂದೂ ಗೆಲ್ಲದವರು ಚಾಂಪಿಯನ್ ಆಗುವ ಸಾಧ್ಯತೆಯಿತ್ತು. ಫಲಿತಾಂಶ ನ್ಯಾಯವಾಗಿ ಬಂದದ್ದು ಚಾಲಕನ ಸಾಹಸದಿಂದ, ವ್ಯವಸ್ಥೆಯಿಂದಲ್ಲ.

ಡೇಟೋನಾದಲ್ಲಿ ಗೆದ್ದವರು ಬೇರೆ ಅಲ್ವಾ? ಹೈಮ್ ಹೆಸರು ಹೇಗೆ ಬಂತು?

ಮೊದಲು ಗುರಿ ಮುಟ್ಟಿದವರು ಪಾರ್ಕರ್ ಕ್ಲಿಗರ್ಮನ್. ಅವರು ಪೂರ್ಣಾವಧಿ ಚಾಲನೆಯಿಂದ ಹಿಂದೆ ಸರಿದ ಮೇಲೆ, ಹೆಂಡರ್ಸನ್ ಮೋಟರ್‌ಸ್ಪೋರ್ಟ್ಸ್ ಎಂಬ ಸಣ್ಣ ತಂಡದ ಗಾಡಿಯಲ್ಲಿ ಓಡಿ ಡೇಟೋನಾದಲ್ಲಿ ಗೆಲುವಿನ ಸಂಭ್ರಮ ಆಚರಿಸಿದರು. ಓಟದ ಬಳಿಕದ ತಪಾಸಣೆಯಲ್ಲಿ ಅವರ ಗಾಡಿಯ ಹಿಂಭಾಗ ನಿಯಮ ಹೇಳಿದ್ದಕ್ಕಿಂತ ತಗ್ಗಿನಲ್ಲಿರುವುದು ಕಂಡುಬಂದು ಅನರ್ಹಗೊಳಿಸಲಾಯಿತು, ಎರಡನೆಯವರಾಗಿದ್ದ ಹೈಮ್ ಅವರಿಗೆ ಗೆಲುವು ಸಿಕ್ಕಿತು. ತಂಡ ಮೇಲ್ಮನವಿ ಸಲ್ಲಿಸಿದರೂ ತೀರ್ಪು ಬದಲಾಗಲಿಲ್ಲ.

ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅಷ್ಟು ದೊಡ್ಡ ಶಿಕ್ಷೆಯೇ ಎಂದು ಬಹಳ ಜನ ಬೇಸರಪಟ್ಟುಕೊಂಡರು. ಗಾಡಿಯ ಹಿಂಭಾಗ ತಗ್ಗಿದರೆ ಹಿಂದಿನ ರೆಕ್ಕೆ ಗಾಳಿಯಿಂದ ಮರೆಯಾಗಿ ಎಳೆತ ಕಡಿಮೆಯಾಗುತ್ತದೆ. ಡೇಟೋನಾದಂತಹ ಟ್ರ್ಯಾಕ್‌ನಲ್ಲಿ ವೇಗವೆಂದರೆ ಮುಖ್ಯವಾಗಿ ಅದೇ. ಉದ್ದೇಶಪೂರ್ವಕವೋ ಬಿಡಿಭಾಗದ ಸವೆತವೋ ಎಂದು ತನಿಖೆ ಮಾಡುತ್ತಾ ಕೂತರೆ ತಪಾಸಣೆಗೆ ಅರ್ಥವಿರುವುದಿಲ್ಲ, ಹಾಗಾಗಿ ಈ ವಿಷಯದಲ್ಲಿ ನಾನು ನಾಸ್ಕರ್ ಪರ.

ಹನಿಕಟ್ ನಡುವಲ್ಲೇ ಟೀಮ್ ಬಿಟ್ಟರೂ ಫೈನಲ್ ಹೇಗೆ ತಲುಪಿದರು?

ಅಂಕಗಳು ಚಾಲಕನ ಜೊತೆ ಹೋಗುತ್ತವೆ, ತಂಡದ ಜೊತೆಯಲ್ಲ. ಕೇಡನ್ ಹನಿಕಟ್ ಆ ವರ್ಷ ನೀಸ್ ಮೋಟರ್‌ಸ್ಪೋರ್ಟ್ಸ್ ತಂಡದಲ್ಲಿದ್ದರು, ಆಗಸ್ಟ್‌ನಲ್ಲಿ ಅಲ್ಲಿಂದ ಹೊರಬಂದರು. ಅದಕ್ಕೆ ಸ್ವಲ್ಪವೇ ಮೊದಲು, ಜೂನ್‌ನಲ್ಲಿ ಮಿಶಿಗನ್ ಓಟವನ್ನು ಗೆದ್ದಿದ್ದ ಕೆನಡಾದ ಸ್ಟುವರ್ಟ್ ಫ್ರೀಸನ್, ಕ್ವಿಬೆಕ್‌ನ ಮಣ್ಣಿನ ಟ್ರ್ಯಾಕ್‌ನಲ್ಲಿ ಬೇರೊಂದು ಓಟದಲ್ಲಿ ಗಂಭೀರವಾಗಿ ಗಾಯಗೊಂಡು ಉಳಿದ ಸೀಸನ್ ಕಳೆದುಕೊಂಡಿದ್ದರು. ಅವರ ಕುಟುಂಬವೂ ಪಾಲುದಾರವಾಗಿರುವ ತಂಡದ 52ನೇ ಸಂಖ್ಯೆಯ ಗಾಡಿ ಖಾಲಿಯಿತ್ತು. ಹನಿಕಟ್ ಆ ಗಾಡಿ ಹತ್ತಿ ಒಂದೂ ಓಟ ಗೆಲ್ಲದೆ, ಆದರೆ ಎಲ್ಲೂ ಎಡವದೆ, ಕೊನೆಯ ನಾಲ್ವರಲ್ಲಿ ಒಬ್ಬರಾದರು. ಪ್ಲೇ ಆಫ್ ವ್ಯವಸ್ಥೆಯನ್ನು ಟೀಕಿಸುವ ನಾನೂ ಈ ಪಯಣವನ್ನು ಮೆಚ್ಚದಿರಲಾರೆ.

## ಚಾಲಕರು, ಹಣ, ಅಪಾಯ

ಕೈಲ್ ಬುಶ್ ಥರದ ದೊಡ್ಡ ಸ್ಟಾರ್‌ಗಳು ಬಂದು ಚಿಕ್ಕ ಹುಡುಗರ ಕಪ್ ಕಸಿದುಕೊಳ್ಳೋದು ಸರಿನಾ?

2025ರಲ್ಲಿ ಅಟ್ಲಾಂಟಾವನ್ನು ಕೈಲ್ ಬುಶ್, ಹೋಮ್‌ಸ್ಟೆಡ್ ಅನ್ನು ಕೈಲ್ ಲಾರ್ಸನ್, ಕ್ಯಾನ್ಸಸ್ ಅನ್ನು ಕಾರ್ಸನ್ ಹೊಸೆವಾರ್ ಗೆದ್ದರು. ಮೂವರೂ ಕಪ್ ಸರಣಿಯವರು. ಅನುಭವಿ ಕಪ್ ಚಾಲಕರಿಗೆ ಆ ವರ್ಷ ಐದು ಓಟಗಳ ಮಿತಿಯಿತ್ತು, ಪ್ಲೇ ಆಫ್‌ನಲ್ಲಿ ಓಡುವಂತಿರಲಿಲ್ಲ, ಸರಣಿಯ ಅಂಕವೂ ಅವರಿಗೆ ಸಿಗುತ್ತಿರಲಿಲ್ಲ. ಈ ಮಿತಿಯೊಳಗೆ ಅವರು ಬರುವುದರಿಂದ ಲಾಭವೇ ಹೆಚ್ಚು ಎಂದು ನನಗನ್ನಿಸುತ್ತದೆ. ಬುಶ್ ಈ ಸರಣಿಯಲ್ಲಿ 60ಕ್ಕೂ ಹೆಚ್ಚು ಓಟಗಳನ್ನು ಗೆದ್ದ ದಾಖಲೆ ವೀರ. ಅವರ ಹಿಂದೆ ಐವತ್ತು ಸುತ್ತು ಓಡಿದ ಹುಡುಗ ತಿರುವಿನಲ್ಲಿ ಸರಿಯಾದ ದಾರಿ ಹಿಡಿಯುವುದು, ಟೈರ್ ಉಳಿಸುವುದು ಹೇಗೆಂದು ಕಣ್ಣಾರೆ ಕಲಿಯುತ್ತಾನೆ.

ಎಷ್ಟು ವಯಸ್ಸಿಗೆ ಓಡಿಸಬಹುದು? ಹೆಣ್ಣುಮಕ್ಕಳು ಇದ್ದಾರಾ?

ಸಣ್ಣ ಟ್ರ್ಯಾಕ್‌ಗಳಲ್ಲಿ 16ಕ್ಕೇ ಅನುಮತಿಯಿದೆ. ಡೇಟೋನಾ, ಟಲಡೇಗಾದಂತಹವಕ್ಕೆ 18 ತುಂಬಿರಬೇಕು. 2025ರಲ್ಲಿ ಟೋನಿ ಬ್ರೈಡಿಂಗರ್ ಹೈಮ್ ಅವರ ತಂಡದಲ್ಲೇ ಪೂರ್ಣ ಸೀಸನ್ ಓಡಿಸಿದರು. ಅದೇ ವರ್ಷ ನ್ಯಾಶ್‌ವಿಲ್‌ನಲ್ಲಿ ಗೆದ್ದ ರಾಜಾ ಕರೂತ್, ವೆಂಡೆಲ್ ಸ್ಕಾಟ್ ಮತ್ತು ಬಬ್ಬಾ ವಾಲೆಸ್ ಬಳಿಕ ನಾಸ್ಕರ್‌ನ ರಾಷ್ಟ್ರೀಯ ಸರಣಿಗಳಲ್ಲಿ ಗೆದ್ದ ಮೂರನೇ ಕಪ್ಪು ಜನಾಂಗದ ಚಾಲಕ. ಅವರು ರೇಸಿಂಗ್ ಕಲಿತದ್ದು ಕಂಪ್ಯೂಟರ್ ಸಿಮ್ಯುಲೇಟರ್ ಮುಂದೆ ಕುಳಿತು.

ನಮ್ಮವರು ಯಾರಾದ್ರೂ ಓಡಿಸಿದ್ದಾರಾ?

ಹೌದು. ಫಾರ್ಮುಲಾ ಒನ್‌ನಲ್ಲಿ ಓಡಿದ ಮೊದಲ ಭಾರತೀಯ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2010ರಲ್ಲಿ ಈ ಸರಣಿಯ ಒಂಬತ್ತು ಓಟಗಳಲ್ಲಿ ಪಾಲ್ಗೊಂಡರು. ಮಾರ್ಟಿನ್ಸ್‌ವಿಲ್‌ನ ಇಕ್ಕಟ್ಟಿನಲ್ಲಿ ನಡೆದ ಮೊದಲ ಓಟದಲ್ಲೇ 13ನೆಯವರಾದರು. ಅಭಿಮಾನಿಗಳ ಮತದಾನದಲ್ಲಿ ಆ ವರ್ಷದ ಅತ್ಯಂತ ಜನಪ್ರಿಯ ಚಾಲಕ ಎಂಬ ಪ್ರಶಸ್ತಿಯೂ ಅವರಿಗೆ ಬಂತು. ಪೂರ್ಣ ಸೀಸನ್ ಓಡದವರಿಗೆ ಆ ಗೌರವ ಹೇಗೆ ಸಿಕ್ಕಿತೆಂದು ಅಮೆರಿಕದ ಕೆಲವರು ಹುಬ್ಬೇರಿಸಿದ್ದು ಸಹಜ; ಇಂಟರ್ನೆಟ್ ಮತದಾನದಲ್ಲಿ ಭಾರತದ ಕೈಬಲ ಏನೆಂದು ಅವರಿಗೆ ತಿಳಿದಿರಲಿಲ್ಲ.

ಪ್ರತಿಭೆ ಇದ್ರೆ ಸಾಕಾ, ದುಡ್ಡೂ ಬೇಕಾ?

ದುಡ್ಡು ಬೇಕು, ಮತ್ತು ಇದು ಈ ಸರಣಿಯ ದೊಡ್ಡ ಕೊರತೆ. ಟ್ರಕ್ ಓಟಗಳ ಬಹುಮಾನದಿಂದ ತಂಡದ ಖರ್ಚು ಹುಟ್ಟುವುದಿಲ್ಲ. ಹಾಗಾಗಿ ಹಲವು ಸೀಟುಗಳು ಪ್ರಾಯೋಜಕರನ್ನು ಜೊತೆಗೆ ಕರೆತರುವ ಚಾಲಕರಿಗೆ, ಅಥವಾ ಖರ್ಚು ಹೊರಬಲ್ಲ ಕುಟುಂಬದ ಮಕ್ಕಳಿಗೆ ಹೋಗುತ್ತವೆ. ಟೊಯೊಟಾದಂತಹ ಕಂಪನಿ ಪ್ರತಿಭೆಯನ್ನು ಗುರುತಿಸಿ ಬೆಳೆಸುವ ಯೋಜನೆಯಡಿ ತಾನೇ ಹಣ ಹಾಕಿದಾಗ ಮಾತ್ರ ಸಾಮಾನ್ಯ ಮನೆಯ ಹುಡುಗರಿಗೆ ಬಾಗಿಲು ತೆರೆಯುತ್ತದೆ.

ಇಷ್ಟು ಗುದ್ದಾಡ್ತಾರಲ್ಲ, ಸಾಯೋದಿಲ್ವಾ?

ಸತ್ತವರಿದ್ದಾರೆ. 1997ರಲ್ಲಿ ಹೋಮ್‌ಸ್ಟೆಡ್‌ನಲ್ಲಿ ಜಾನ್ ನೆಮಚೆಕ್, 2000ನೇ ಇಸವಿಯಲ್ಲಿ ಟೆಕ್ಸಸ್‌ನಲ್ಲಿ ಟೋನಿ ರೋಪರ್ ಈ ಸರಣಿಯ ಓಟಗಳಲ್ಲೇ ಆದ ಗಾಯಗಳಿಂದ ತೀರಿಕೊಂಡರು. 2001ರಲ್ಲಿ ಡೇಲ್ ಅರ್ನ್‌ಹಾರ್ಟ್ ಡೇಟೋನಾದ ಕಪ್ ಓಟದಲ್ಲಿ ಮರಣ ಹೊಂದಿದ ಬಳಿಕ ತಲೆ ಮತ್ತು ಕತ್ತನ್ನು ಹಿಡಿದಿಡುವ ಪಟ್ಟಿ ಕಡ್ಡಾಯವಾಯಿತು, ಕಾಂಕ್ರೀಟ್ ಗೋಡೆಗಳ ಮುಂದೆ ಹೊಡೆತ ಹೀರಿಕೊಳ್ಳುವ ಉಕ್ಕು ಮತ್ತು ಫೋಮ್‌ನ ತಡೆಗಳು ಬಂದವು. ಜಾನ್ ಅವರ ಅಣ್ಣನ ಮಗ, ಅವರದೇ ಹೆಸರು ಹೊತ್ತ ಜಾನ್ ಹಂಟರ್ ನೆಮಚೆಕ್, ಮುಂದೆ ಇದೇ ಸರಣಿಯಲ್ಲಿ ಓಡಿ ಹಲವು ಓಟಗಳನ್ನು ಗೆದ್ದರು.

## 2026 ಮತ್ತು ನಂತರ

ಮುಂದಿನ ಸೀಸನ್‌ನಲ್ಲಿ ನಿಯಮ ಬದಲಾಯ್ತಂತೆ?

ಬದಲಾಯಿತು, ಒಳ್ಳೆಯದಕ್ಕೇ. 2026ರಿಂದ ಕೆಲವು ಓಟಗಳಿಗೊಮ್ಮೆ ಚಾಲಕರನ್ನು ಹೊರಹಾಕುವ ಪದ್ಧತಿ ಇಲ್ಲ, ಒಂದೇ ಓಟದ ಫೈನಲ್ ಇಲ್ಲ. ಹತ್ತು ಜನ ಅರ್ಹತೆ ಪಡೆದು, ಕೊನೆಯ ಏಳು ಓಟಗಳ ಒಟ್ಟು ಅಂಕದ ಮೇಲೆ ಪ್ರಶಸ್ತಿ ನಿರ್ಧಾರವಾಗುತ್ತದೆ. ಗೆಲುವಿನ ಅಂಕವನ್ನು 40ರಿಂದ 55ಕ್ಕೆ ಏರಿಸಲಾಗಿದೆ, ಆದರೆ ಒಂದು ಗೆಲುವಿನಿಂದ ಪ್ಲೇ ಆಫ್ ಸೀಟು ತಾನಾಗಿ ಸಿಗುವುದಿಲ್ಲ. ಅಂತಿಮ ಓಟ ಫೀನಿಕ್ಸ್‌ನಿಂದ ಫ್ಲಾರಿಡಾದ ಹೋಮ್‌ಸ್ಟೆಡ್‌ಗೆ ಹೋಗಿದೆ. 2012ರ ಕೊನೆಗೆ ನಾಸ್ಕರ್ ಬಿಟ್ಟಿದ್ದ ಡಾಜ್ ಬಳಗದ ರ‍್ಯಾಮ್ ಪಿಕಪ್‌ಗಳು ಕೌಲಿಗ್ ರೇಸಿಂಗ್ ತಂಡದ ಮೂಲಕ ಮರಳಿವೆ.

ನನ್ನ ಮಗಳು ಶಾರ್ಲಟ್‌ನಲ್ಲಿದ್ದಾಳೆ. ಅಲ್ಲಿಗೆ ಹೋದಾಗ ಒಂದು ರೇಸ್ ನೋಡಬಹುದಾ?

ಅದಕ್ಕಿಂತ ಒಳ್ಳೆಯ ಊರು ಇನ್ನೊಂದಿಲ್ಲ. ಬಹುತೇಕ ತಂಡಗಳ ಕಾರ್ಯಾಗಾರಗಳು ಶಾರ್ಲಟ್ ಸುತ್ತಮುತ್ತಲಿನ ಮೂರ್ಸ್‌ವಿಲ್, ಕಾಂಕರ್ಡ್‌ನಂತಹ ಊರುಗಳಲ್ಲಿವೆ. ನಗರದ ಮಧ್ಯದಲ್ಲೇ 2010ರಲ್ಲಿ ತೆರೆದ ನಾಸ್ಕರ್ ಹಾಲ್ ಆಫ್ ಫೇಮ್ ಇದೆ, ಮಳೆಯ ದಿನಕ್ಕೆ ಒಳ್ಳೆಯ ಆಯ್ಕೆ. ಕಾಂಕರ್ಡ್‌ನ ಶಾರ್ಲಟ್ ಟ್ರ್ಯಾಕ್ ಅಲ್ಲದೆ ನಾರ್ತ್ ವಿಲ್ಕ್ಸ್‌ಬರೊ, ರಾಕಿಂಗ್‌ಹ್ಯಾಮ್, ಡಾರ್ಲಿಂಗ್ಟನ್, ಮಾರ್ಟಿನ್ಸ್‌ವಿಲ್ ಎಲ್ಲವೂ ಕಾರಿನಲ್ಲಿ ಹೋಗಿ ಅದೇ ದಿನ ಮರಳಬಹುದಾದ ದೂರದಲ್ಲಿವೆ. ಮೊದಲ ಬಾರಿಗೆ ನೋಡುವವರಿಗೆ ನಾನು ಸಣ್ಣ ಟ್ರ್ಯಾಕ್‌ಗಳನ್ನೇ ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಯಾವ ಸೀಟಿನಲ್ಲಿ ಕುಳಿತರೂ ಇಡೀ ಸುತ್ತು ಕಣ್ಣಿಗೆ ಬೀಳುತ್ತದೆ. ಡೇಟೋನಾದಲ್ಲಿ ಗಾಡಿಗಳು ಎದುರು ಹಾದುಹೋದ ಮೇಲೆ ಮತ್ತೆ ಬರುವವರೆಗೆ ದೊಡ್ಡ ಪರದೆಯನ್ನೇ ನೋಡುತ್ತಿರಬೇಕು.

ಟ್ರಕ್ ಓಟದ ಟಿಕೆಟ್ ಕಪ್ ಓಟದ್ದಕ್ಕಿಂತ ಅಗ್ಗ. ಸೀಟು ಆರಿಸುವಾಗ ಟ್ರ್ಯಾಕ್‌ನ ಅಂಚಿನ ಮೊದಲ ಸಾಲುಗಳನ್ನು ಬಿಟ್ಟು ಮೇಲಿನ ಸಾಲು ತೆಗೆದುಕೊಳ್ಳಿ. ಕೆಳಗೆ ಬೇಲಿ ಅಡ್ಡ ಬರುತ್ತದೆ, ಟೈರಿನ ರಬ್ಬರ್ ಚೂರುಗಳೂ ಮೈಮೇಲೆ ಬೀಳುತ್ತವೆ. ಬಹುತೇಕ ಟ್ರ್ಯಾಕ್‌ಗಳು ಸಣ್ಣ ಚೀಲದಲ್ಲಿ ಮನೆಯ ಊಟ ಒಯ್ಯಲು ಬಿಡುತ್ತವೆ, ಆದರೆ ಚೀಲದ ಅಳತೆಯ ನಿಯಮವನ್ನು ಟಿಕೆಟ್ ಕೊಳ್ಳುವಾಗಲೇ ಓದಿಕೊಳ್ಳಬೇಕು. ಕಿವಿಗೆ ಹಾಕಿಕೊಳ್ಳುವ ರಕ್ಷಣೆಯನ್ನು ಮಾತ್ರ ಮರೆಯುವಂತಿಲ್ಲ. ಮೊಮ್ಮಕ್ಕಳು ಜೊತೆಗಿದ್ದರೆ ಹತ್ತಿಯ ಉಂಡೆ ಸಾಲದು, ಕಿವಿ ಪೂರ್ತಿ ಮುಚ್ಚುವ ಮಕ್ಕಳ ಅಳತೆಯ ಮಫ್‌ಗಳನ್ನು ಮೊದಲೇ ಕೊಂಡಿಟ್ಟುಕೊಳ್ಳಿ.